ತಡೆಯಕ್ಕನ ನಾಲ್ಕು ಸೆಕೆಂಡು

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳನ್ನು ಎಲ್ಲರೂ ತಡೆಯಕ್ಕ ಎನ್ನುತ್ತಿದ್ದರು. ಔಷಧಿ ಕೌಂಟರಿನಲ್ಲಿ ಚೀಟಿಯ ವಿವರ ಹಾಕಿದ ಕೂಡಲೇ, ಆ ಮಾತ್ರೆ ಆ ರೋಗಿಯ ಮೈಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಡೇಟಾಬೇಸಿನೊಳಗೇ ನೋಡಿ ಹೇಳುವ ಫಂಕ್ಷನ್ ಒಂದನ್ನು, ಅಂದರೆ ಪುಟ್ಟ ಪ್ರೋಗ್ರಾಮ್ ಒಂದನ್ನು, ಅವಳು ಬರೆದಿದ್ದಳು. ಅದರ ಹೆಸರು ‘ತಡೆ’. ಅವಳ ಅಮ್ಮ ಸತ್ತದ್ದು ಒಗ್ಗದ ಮಾತ್ರೆಯೊಂದರಿಂದ. ಹನ್ನೊಂದು ವರ್ಷ ಪಕ್ಕದ ಮೇಜಿನಲ್ಲಿ ಕೂತ ನನಗೆ ಈ ಮಾತು ಹೇಳಿದ್ದು ಒಂದೇ ಸಲ, ಅದೂ ಊಟದ ಡಬ್ಬಿಯ ಮುಚ್ಚಳದ ಜೊತೆ ಹೆಣಗಾಡುತ್ತಾ.

ಹಾಗಂತ ಅಳುಮುಂಜಿಯಲ್ಲ. ನಾನು ಗಡಿಬಿಡಿ ಮಾಡಿದಾಗೆಲ್ಲ, “ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ?” ಎಂದು ಗದರುವಳು. “ನಿನ್ನ ಥರ ಆಮೆ ಆಗೋಕೆ ನನ್ ಕೈಲಾಗಲ್ಲಕ್ಕಾ” ಎಂದು ನಾನೂ ತಿರುಗಿಸಿ ಕೊಡುತ್ತಿದ್ದೆ. ಅವಳು ನಿಧಾನಸ್ಥೆ, ಆದರೆ ಅವಳು ಬರೆದದ್ದು ಯಾವುದೂ ನಿಧಾನವಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಏನು ಬಂತು!

ಒಂದು ವರ್ಷ ಕೌಂಟರಿನ ಮುಂದೆ ಸಾಲು ಬೆಳೆಯತೊಡಗಿತು. ಒಂದೊಂದು ಮಾತ್ರೆಗೂ ಕಂಪ್ಯೂಟರ್ ನಾಲ್ಕು ಸೆಕೆಂಡು ಯೋಚಿಸುತ್ತಿತ್ತು. ಚೀಟಿಯಲ್ಲಿ ಆರು ಮಾತ್ರೆ, ಸಾಲಿನಲ್ಲಿ ಎಪ್ಪತ್ತು ಜನ. ಒಂದು ಬೆಳಿಗ್ಗೆ ನಿಂತೂ ನಿಂತೂ ತಲೆಸುತ್ತಿ ಬಿದ್ದ ಅಜ್ಜಿಯೊಬ್ಬರ ಸೊಂಟ ಮುರಿಯಿತು. ಯಾವ ಫಂಕ್ಷನ್ ಎಷ್ಟು ಹೊತ್ತು ತಿನ್ನುತ್ತಿದೆ ಎಂದು ಅಳೆದು ಹೇಳಿ ಎಂದರು ಮೇಲಧಿಕಾರಿ. ಆ ಕೆಲಸ ನನ್ನ ಪಾಲಿಗೆ ಬಂತು.

ಅಳೆದೆ. ಪಟ್ಟಿಯ ತುದಿಯಲ್ಲಿ ‘ತಡೆ’ ಕೂತಿತ್ತು.

“ನಾಲ್ಕು ಸೆಕೆಂಡೂ ನಿಂದೇ ಅಕ್ಕಾ.”

“ಸಾಧ್ಯ ಇಲ್ಲ ಕಣೇ. ಇನ್ನೊಂದ್ಸಲ ಅಳಿ.”

ಮೂರು ದಿನ ಅಳೆದೆ. ಅದೇ ಉತ್ತರ. ಅವಳು ತಾನು ಬರೆದ ‘ತಡೆ’ಯ ಸಾಲುಗಳನ್ನು ಬೆರಳಿಟ್ಟು ಓದಿದಳು, ಮತ್ತೆ ಓದಿದಳು.

“ಸುಮ್ನೆ ಹಟ ಮಾಡ್ಬೇಡ. ಕಣ್ಣಿಗೆ ರಾಚೋ ಹಾಗೆ ಕಾಣ್ತಿದೆಯಲ್ಲ” ಎಂದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ!

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ‘ತಡೆ’ಯನ್ನು ತನ್ನ ಕೈಯಾರೆ ತೆಗೆದುಹಾಕಿದಳು. ಮುಂದಿನ ತಿಂಗಳು, ಇನ್ನೂ ಆರು ವರ್ಷ ಸೇವೆಯಿದ್ದರೂ, ಸ್ವಯಂ ನಿವೃತ್ತಿ ತೆಗೆದುಕೊಂಡು ತಂಗಿಯ ಮನೆಗೆ ಹೋದಳು. ಸಾಲು ಕರಗಿತು. ಔಷಧಿ ಕೊಡುವವರು ಮಾತ್ರೆಗಳನ್ನು ಕಣ್ಣಲ್ಲೇ ನೋಡಿ ಕೊಡತೊಡಗಿದರು. ನನ್ನನ್ನು ಕರೆದು ಹೊಗಳಿದರು, ನಾನೂ ಹಲ್ಲು ಕಿರಿದೆ.

ಏಳು ತಿಂಗಳ ಮೇಲೆ ವಾರ್ಡಿನ ಕಂಪ್ಯೂಟರ್ ಪರದೆಗಳು ತೆವಳತೊಡಗಿದವು. ಮತ್ತೆ ಅಳೆಯಲು ಕೂತೆ. ಅಳತೆಗೆ ಒಂದು ಆಯ್ಕೆಯಿದೆ: ಒಂದು ಬಗೆಯ ಫಂಕ್ಷನ್‌ಗಳನ್ನು ಮಾತ್ರ ಲೆಕ್ಕ ಹಿಡಿ ಎನ್ನಬಹುದು, ಇಲ್ಲವೇ ಎಲ್ಲವನ್ನೂ ಹಿಡಿ ಎನ್ನಬಹುದು. ಹಿಂದಿನ ಸಲ ಗಡಿಬಿಡಿಯಲ್ಲಿ ಮೊದಲನೆಯದನ್ನು ಇಟ್ಟಿದ್ದೆ. ಈ ಸಲ ‘ಎಲ್ಲ’ ಎಂದೆ. ಪಟ್ಟಿಯ ತುದಿಗೆ ಹೊಸ ಹೆಸರು ಬಂತು: ‘ಹಳೇಚೀಟಿ’.

ಅದು ನಾನು ಬರೆದದ್ದು. ರೋಗಿಯ ಹಳೆಯ ದಾಖಲೆ ಹುಡುಕಿ ತರುವ ಫಂಕ್ಷನ್. ಈಗ ವಾರ್ಡಿನ ಪರದೆಗಳು ಕರೆಯುತ್ತಿದ್ದ ಹಾಗೆ, ಆಗ ‘ತಡೆ’ಯೂ ತನ್ನೊಳಗಿಂದ ಅದನ್ನೇ ಕರೆಯುತ್ತಿತ್ತು. ‘ತಡೆ’ಯ ಬಗೆಯದಲ್ಲದೆ, ಬರೀ ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯಲ್ಲಿ ಬರೆದದ್ದರಿಂದ ನನ್ನ ಮೊದಲ ಅಳತೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದು ತಿಂದ ಹೊತ್ತೆಲ್ಲ ಕರೆದವಳ ತಲೆಗೆ ಬಿದ್ದಿತ್ತು. ‘ತಡೆ’ಯ ಹಳೆಯ ಪ್ರತಿಯನ್ನು ತಂದು ಓಡಿಸಿ ಅಳೆದೆ. ಅದರ ಸ್ವಂತ ಪಾಲು ಸೆಕೆಂಡಿನ ಸಾವಿರದಲ್ಲಿ ಮೂರು ಭಾಗ. ನನ್ನದನ್ನು ಸರಿಮಾಡಲು ಅರ್ಧ ಗಂಟೆ ಸಾಕಾಯಿತು. ಅಯ್ಯೋ, ಬರೀ ಅರ್ಧ ಗಂಟೆ.

ಮೇಲಧಿಕಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ‘ತಡೆ’ಯನ್ನು ಮತ್ತೆ ಕೌಂಟರಿಗೆ ಹಾಕಿ, ಅಲ್ಲಿಂದಲೇ ಅವಳ ತಂಗಿಯ ಮನೆಗೆ ಫೋನ್ ಮಾಡಿದೆ. “ಬೈಯಕ್ಕಾ, ಬಾಯ್ತುಂಬ ಬೈಯಿ” ಎನ್ನಬೇಕೆಂದಿದ್ದೆ. ಎತ್ತಿದ್ದು ತಂಗಿ.

“ಅಕ್ಕ ಹೋಗಿ ಇವತ್ತಿಗೆ ಒಂಬತ್ತು ದಿನ. ಹೃದಯಾಘಾತ. ನಿಮ್ಮ ನಂಬರ್ ಸಿಗ್ಲಿಲ್ಲ ನನಗೆ.”

ಎದುರಿಗೆ ಕೌಂಟರಿನಲ್ಲಿ ಜನ ಬಂದು ಬಂದು, ಔಷಧಿ ತೆಗೆದುಕೊಂಡು ಹೋಗುತ್ತಿದ್ದರು.

“ನೀವು ಜೊತೇಲಿ ಕೆಲಸ ಮಾಡಿದೋರಲ್ವಾ, ಒಂದು ಕೇಳ್ತೀನಿ” ಎಂದಳು ತಂಗಿ. “ಇಲ್ಲಿಗೆ ಬಂದಾಗಿಂದ ಅದೊಂದೇ ಮಾತು. ‘ಅಷ್ಟು ಜನರನ್ನ ಕಾಯಿಸಿಬಿಟ್ಟೆ, ಆ ಅಜ್ಜಿ ಸೊಂಟ ಮುರಿದೆ’ ಅಂತ. ಜೋರಾಗಿ ಮಾತಾಡಿದೋಳಲ್ಲ ನನ್ನಕ್ಕ. ಅವಳು ಯಾರಿಗಾದ್ರೂ ಹಾಗೆ ಮಾಡಿದ್ಲಾ?”

“ಇಲ್ಲಮ್ಮಾ, ಅವಳಲ್ಲ” ಎಂದೆ. “ನಾನು.”