ಬೆಳ್ಳಿಯ ತತ್ತಿಗೆ ಮೂರು ಕರಾರು

ಕುಬಿಹಾಳದಲ್ಲಿ ಶಿದ್ಲಿಂಗಪ್ಪನವರ ಹಿಟ್ಟಿನ ಗಿರಣಿಗೆ ಕಾಳು ಹೊತ್ತುಕೊಂಡು ಹೋದವರು ಮೊದಲು ಒಂದು ಪ್ರಶ್ನೆ ಮುಗಿಯುವವರೆಗೆ ಕಾಯಬೇಕು. ಪ್ರಶ್ನೆ ಗಿರಾಕಿಗಲ್ಲ, ಅವರು ತಮಗೆ ತಾವೇ ಕೇಳಿಕೊಳ್ಳುವುದು.

“ಹಿಂದಿಂದು ಏನಿತ್ತು?”

ಹಿಂದೆ ಬೀಸಿದ್ದು ಜೋಳ, ಈಗ ಬಂದಿರುವುದು ಗೋದಿ ಎಂದಾದರೆ, ಆ ಗೋದಿಯಲ್ಲೇ ಒಂದು ಹಿಡಿ ತೆಗೆದು ಗಿರಣಿಯ ಬಾಯಿಗೆ ಹಾಕುತ್ತಾರೆ. ಮೊದಲು ಇಳಿಯುವ ಬೆರಕೆ ಹಿಟ್ಟನ್ನು ಬೇರೆ ಪುಟ್ಟಿಗೆ ಸುರಿಯುತ್ತಾರೆ. ಆಮೇಲೆಯೇ ಉಳಿದ ಗೋದಿ. ಒಬ್ಬರ ಚಪಾತಿಯಲ್ಲಿ ಇನ್ನೊಬ್ಬರ ಜೋಳ ಇರಕೂಡದು ಎಂಬುದು ಅವರ ಮೂವತ್ತನಾಲ್ಕು ವರ್ಷಗಳ ನೇಮ. ಪುಟ್ಟಿಯ ಹಿಟ್ಟು ಯಾರದೂ ಅಲ್ಲ, ಇಡೀ ಊರಿನದು. ಅದನ್ನು ಅವರ ಹೆಂಡತಿ ಮಹಾದೇವಕ್ಕ ದಪ್ಪ ರೊಟ್ಟಿ ಬಡಿದು ಗಿರಣಿಯ ನಾಯಿ ಬೆಳ್ಳಿಗೆ ಹಾಕುತ್ತಿದ್ದರು.

ಬೆಳ್ಳಿಯ ನಿಜವಾದ ಬಣ್ಣ ಕಂದು. ಹಗಲೆಲ್ಲ ಗಿರಣಿಯಲ್ಲಿ ಮಲಗಿ ಬಿಳಿಯಾಗಿದ್ದಳು. ಜೋರು ಮಳೆ ಬಂದಾಗ ಮಾತ್ರ ಊರಿನವರಿಗೆ ಅದು ಬೇರೆ ನಾಯಿಯೆಂದು ಅನುಮಾನ ಬರುತ್ತಿತ್ತು.

ಕಳೆದ ಕಾರ್ತಿಕದಲ್ಲಿ ಬೆಳ್ಳಿ ಆರು ಮರಿ ಹಾಕಿದಳು. ಹತ್ತನೆಯ ದಿನ ಶಿದ್ಲಿಂಗಪ್ಪನವರು ಎದುರು ಮನೆಯಲ್ಲಿದ್ದ ನನ್ನನ್ನು ಕರೆದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ, ಉಸಿರಾಡುವ ಎಲ್ಲದರ ಬಗ್ಗೆ ನನಗೆ ಗೊತ್ತಿರಬೇಕೆಂದು ಅವರ ನಂಬಿಕೆ. ಗಿರಣಿಯ ತೂಕದ ಯಂತ್ರದ ಮೇಲೆ ನಾಯಿ ನಿಂತಿತ್ತು. ಹದಿನಾಲ್ಕು ಕಿಲೋ ಇನ್ನೂರು ಗ್ರಾಂ. ಗಬ್ಬ ಆಗುವ ಮೊದಲು ಹದಿನೇಳೂವರೆ ಇದ್ದಳಂತೆ. ಐದು ಮರಿಗಳು ಆರು ನೂರು ಗ್ರಾಮಿನ ಆಸುಪಾಸು ತೂಗಿದವು. ಆರನೆಯದು, ಒಂದು ಕಿವಿ ಮಡಚಿಕೊಂಡಿದ್ದ ಹೆಣ್ಣುಮರಿ, ಮುನ್ನೂರ ತೊಂಬತ್ತು. ನಿನ್ನೆಯೂ ಅಷ್ಟೇ ಇತ್ತು, ಮೊನ್ನೆಯೂ ಅಷ್ಟೇ.

ದನದ ಡಾಕ್ಟರು ಕುಂದಗೋಳದಿಂದ ಬಂದು ನೋಡಿ ಒಂದೇ ಮಾತು ಹೇಳಿದರು. “ತಾಯಿಗೆ ಹಾಲು ಸಾಲವಲ್ದು. ರೊಟ್ಟಿಗೆ ಆಗೂದಲ್ಲ ಇದು. ದಿನಾ ಎರಡು ಕುದಿಸಿದ ತತ್ತಿ ಹಾಕ್ರಿ.”

ಡಾಕ್ಟರ ಬೈಕು ತಿರುವು ದಾಟುವ ಮೊದಲೇ ಮಹಾದೇವಕ್ಕ ಹೇಳಿದರು. “ನನ್ನ ಹೊಸ್ತಿಲಾ ದಾಟಿ ತತ್ತಿ ಒಳಗ ಬರಂಗಿಲ್ಲ. ಗಿರಣ್ಯಾಗ ಏನ್ ಬೇಕಾದ್ದು ಮಾಡ್ಕೋರಿ.”

ಏಳು ತಲೆಮಾರಿನಿಂದ ಆ ಮನೆಯಲ್ಲಿ ಲಿಂಗಪೂಜೆ ತಪ್ಪಿಲ್ಲ, ತತ್ತಿ ಬಂದಿಲ್ಲ. ಆದ್ದರಿಂದ ಮೊದಲು ಬೇರೆ ದಾರಿಗಳು ನಡೆದವು. ಎಮ್ಮೆಯ ಹಾಲಿಗೆ ಬೆಳ್ಳಿಯ ಹೊಟ್ಟೆ ಕೆಟ್ಟಿತು. ಶೇಂಗಾ ಹಿಂಡಿಯನ್ನು ಅವಳು ಮೂಸಿ, ಶಿದ್ಲಿಂಗಪ್ಪನವರ ಮುಖವನ್ನೊಮ್ಮೆ ನೋಡಿ, ಕಾಲಿನಿಂದ ಮಣ್ಣು ಎಳೆದು ಮುಚ್ಚಿದಳು. ಹುಬ್ಬಳ್ಳಿಯಿಂದ ನಾಯಿ ತಿನಿಸಿನ ಒಂದು ಚೀಲ ತರಿಸಿದರು. ಹಿಂಬದಿಯ ಸಣ್ಣ ಅಕ್ಷರಗಳನ್ನು ನನ್ನಿಂದ ಓದಿಸಿದರು. ಕೋಳಿಯ ಅಂಶ ಇದೆ ಎಂದಿತ್ತು. ಚೀಲ ಬಿಚ್ಚಲಿಲ್ಲ. ಅದರ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದರು.

“ನಮಸ್ಕಾರ್‍ರೀ ಯವ್ವಾ. ಈ ಚೀಲದಾಗಿನ ಕೋಳಿ ಯಾವ ಊರದು?”

ಆ ಕಡೆಯ ಹುಡುಗಿ ಏನೋ ಅಂದಳು.

“ಊರು ಗೊತ್ತಿಲ್ಲಂದ್ರ ಇರ್ಲಿ. ಇದ್ದಾಗ ಆರಾಮ ಇತ್ತೇನು? ಅಡ್ಡಾಡಾಕ ಜಾಗಾ ಇತ್ತಿಲ್ಲೋ?”

ಹುಡುಗಿ ದೂರು ದಾಖಲಿಸಿಕೊಳ್ಳುವುದಾಗಿ ಹೇಳಿದಳು.

“ದೂರು ಅಲ್ಲಬೇ, ದೂರ್ಯಾಕ? ನಾ ಕೋಳಿ ಯೋಗಕ್ಷೇಮ ಕೇಳಾಕತ್ತೇನಿ!”

ನಾಲ್ಕು ದಿನದೊಳಗೆ ಉತ್ತರಿಸುತ್ತೇವೆ ಎಂದು ಫೋನ್ ಕಟ್ಟಾಯಿತು. ಹಿಂದಿಂದು ಏನೆಂದು ಗೊತ್ತಿಲ್ಲದ್ದನ್ನು ಗಿರಣಿಗೇ ಹಾಕದ ಮನುಷ್ಯ ನಾಯಿಯ ಹೊಟ್ಟೆಗೆ ಹಾಕುವುದುಂಟೇ? ಚೀಲ ವಾಪಸ್ಸು ಹೋಯಿತು.

ಉಳಿದದ್ದು ಗಿರಣಿಯ ಹಿಂದಿನ ಮನೆಯ ಫಾತಿಮಾಬಿ. ಅವರಿಗೆ ಒಂಬತ್ತು ಕೋಳಿ, ಒಂದು ಹುಂಜ. ಎದೆಯೆತ್ತಿ, ಯಾರನ್ನೂ ನೋಡದೆ ನಡೆಯುತ್ತಿದ್ದ ಆ ಹುಂಜಕ್ಕೆ ಅವರು ತಹಸೀಲ್ದಾರ ಎಂದು ಹೆಸರಿಟ್ಟಿದ್ದರು. ಮರುದಿನ ಬೆಳಿಗ್ಗೆ ಶಿದ್ಲಿಂಗಪ್ಪನವರು ಅವರ ಹಿತ್ತಲಿಗೆ ಹೋಗಿ, ವಿಭೂತಿ ಹಚ್ಚಿದ ಹಣೆಯನ್ನು ಒರೆಸಿಕೊಳ್ಳುತ್ತಾ, ತಮ್ಮ ಕರಾರುಗಳನ್ನು ಹೇಳಿದರು. ಸಾಕ್ಷಿಗೆ ನನ್ನನ್ನೂ ಒಯ್ದಿದ್ದರು.

“ತಂಗಿ, ತತ್ತಿ ಬೇಕಾಗ್ಯಾವ. ಒಂದು, ಕೋಳಿ ಪಂಜರದಾಗ ಇರಬಾರ್ದು.”

“ಪಂಜರ ತರಾಕ ನಾ ಏನ್ ಸರ್ಕಸ್ ಇಟ್ಟೇನೇನಣ್ಣ? ನೋಡ್ರಿ, ನಿಮ್ಮ ಚಪ್ಪಲ್ ಮ್ಯಾಲೇ ನಿಂತೈತಿ ಒಂದು.”

ನಿಂತಿತ್ತು. ಅದರ ಹೆಸರು ಚಾಂದನಿ.

“ಎರಡು, ತತ್ತಿ ಕೊಟ್ಟ ಕೋಳೀನ ಮುಂದ ಕೊಯ್ಯಬಾರ್ದು.”

“ಚಾಂದನೀನ? ಆಕಿ ಮನಿ ಸೊಸಿ ಇದ್ದಂಗ ಅದಾಳ, ಆಕೀನ ಯಾರ್ ಕೊಯ್ತಾರ? ಮುಂದ ಹೇಳ್ರಿ.”

“ಮೂರು...” ಶಿದ್ಲಿಂಗಪ್ಪನವರು ದನಿ ತಗ್ಗಿಸಿದರು. “ತತ್ತಿಯೊಳಗ ಜೀವ ಇರಬಾರ್ದು. ಅಂದ್ರ, ಹುಂಜ ಬಾಜೂಕ ಸುಳೀಬಾರ್ದು.”

ಫಾತಿಮಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಅಗದಿ ಸಸಾರ. ಶುಕ್ರವಾರ ಬೀಗರು ಬರ್ತಾರ. ತಹಸೀಲ್ದಾರಗ ಪಲಾವಿನಾಗ ಬಡ್ತಿ ಕೊಟ್ಟುಬಿಡ್ತೀನಿ.”

ಶಿದ್ಲಿಂಗಪ್ಪನವರ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಜೀವವಿಲ್ಲದ ತತ್ತಿ ಕೇಳಲು ಬಂದು ಜೀವವಿರುವ ಹುಂಜವನ್ನು ಕೊಲ್ಲಿಸುವುದೆಂದರೇನು? ಹತ್ತು ನಿಮಿಷದ ನಂತರ ನಾವು ಹಿತ್ತಲಿನಿಂದ ಹೊರಟಾಗ, ಶುದ್ಧ ಶಾಕಾಹಾರಿಯ ಕಂಕುಳಲ್ಲಿ ಒಂದು ಹುಂಜ ಇತ್ತು. ಬೀಗರಿಗೆ ಬದನೆಕಾಯಿ ಎಣ್ಣೆಗಾಯಿ ಮಹಾದೇವಕ್ಕನೇ ಮಾಡಿ ಕಳಿಸಬೇಕೆಂದು ಫಾತಿಮಾಬಿ ಕರಾರು ಹಾಕಿದ್ದರು.

ಬಾಗಿಲಲ್ಲೇ ಇನ್ನೊಂದು ಆಘಾತ ಕಾದಿತ್ತು. ಚಾಂದನಿ ಒಂದು ಕಲ್ಲನ್ನು ಕೆದಕಿ, ಅದರಡಿಯ ಗೆದ್ದಲುಗಳನ್ನು ಒಂದೊಂದಾಗಿ ನುಂಗುತ್ತಿತ್ತು.

“ತಂಗೀ! ನಿಮ್ಮ ಕೋಳಿ ಹುಳಾ ತಿನ್ನಾಕತ್ತೈತಿ!”

“ತಿನ್ನಲಾರದ? ಸೋಮವಾರ ಐತಿ ಅಂತ ಉಪವಾಸ ಇರ್ಬೇಕೇನಣ್ಣ?”

ಫಾತಿಮಾಬಿ ಮಡಿಲಿನಲ್ಲಿದ್ದ ಜೋಳದ ನುಚ್ಚನ್ನು ಚಾಂದನಿಯ ಮುಂದೆ ಚೆಲ್ಲಿದರು. ಚಾಂದನಿ ನುಚ್ಚನ್ನೂ ತಿಂದಿತು, ಮತ್ತೆ ಕಲ್ಲಿನ ಕಡೆ ತಿರುಗಿತು. ಶಿದ್ಲಿಂಗಪ್ಪನವರು ಹುಂಜವನ್ನು ಅವುಚಿಕೊಂಡು ಗಿರಣಿ ಕಡೆ ನಡೆದರು. ದಾರಿಯಲ್ಲಿ, “ಗೆದ್ದಲಾ ಏನ್ ತಿಂತಾವ್ರೀ ಮಾಸ್ತರ?” ಎಂದು ಕೇಳಿದರು. ಕಟ್ಟಿಗೆ ಎಂದೆ. ಸ್ವಲ್ಪ ಸಮಾಧಾನವಾದಂತೆ ಕಂಡರು.

ಗಿರಣಿ ಮುಟ್ಟಿದ ಮೇಲೆ ನಾನೊಂದು ತಪ್ಪು ಮಾಡಿದೆ. ನಿಜ ಹೇಳಿದೆ. ಹುಂಜ ದೂರವಾದರೂ ಎರಡು ಮೂರು ವಾರ ಕೋಳಿ ಇಡುವ ತತ್ತಿಗಳು ಮರಿಯಾಗಬಲ್ಲವು, ಕಾವು ಕೊಟ್ಟರೆ.

“ಅಂದ್ರ ಹಿಂದಿಂದು ಇರತೈತಿ?”

“ಇರತೈತ್ರಿ.”

“ಎಷ್ಟು ಹಿಡಿ ಬೀಸಿ ತಗದ್ರೂ?”

“ಇದಕ್ಕ ಹಿಡಿ ಲೆಕ್ಕ ನಡ್ಯೂದಿಲ್ರಿ. ಮೂರು ವಾರ ಕಾಯಬೇಕು.”

ಅವರು ಮಡಚಿದ ಕಿವಿಯ ಮರಿಯನ್ನು ಎತ್ತಿ ಯಂತ್ರದ ಮೇಲಿಟ್ಟರು. ಮುನ್ನೂರ ಎಂಬತ್ತು. ಹತ್ತು ಗ್ರಾಂ ಇಳಿದಿತ್ತು. ಮರಿ ಬಾಯಿ ತೆರೆದು ಅವರ ಹೆಬ್ಬೆರಳನ್ನು ಚೀಪತೊಡಗಿತು. ಬೆರಳಿನಲ್ಲಿ ಗೋದಿ ಹಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ.

ಅಷ್ಟರಲ್ಲಿ ಜೋಳ ಬೀಸಿಸಲು ಬಂದ ಗಂಗಪ್ಪ, “ಬೀಸ್ತೀರೇನಪಾ, ಇಲ್ಲ ಹುಂಜದ ಕೂಡ ಮಾತಾಡ್ಕೋಂತ ಕುಂದರ್ತೀರೋ?” ಎಂದ.

ಶಿದ್ಲಿಂಗಪ್ಪನವರು ಅವನ ಚೀಲದಿಂದ ಒಂದು ಹಿಡಿ ಜೋಳ ತೆಗೆದು ಗಿರಣಿಗೆ ಹಾಕಿದರು. ಇಳಿದ ಹಿಟ್ಟನ್ನು ಪುಟ್ಟಿಗೆ ಸುರಿದರು. ಆಮೇಲೆ ಗಂಗಪ್ಪನ ಹಿಟ್ಟು ಬರತೊಡಗಿದಾಗ ಅದರಲ್ಲಿ ಒಂದು ಚಿಟಿಕೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಮಾಸ್ತರ, ಮೂವತ್ತನಾಲ್ಕು ವರ್ಷ ಹಿಡಿ ತಗದೇನಿ. ಖರೇ ಹೇಳ್ಲೇನು? ಪೂರ್ತಿ ಎಂದೂ ಹೋಗಿಲ್ಲ. ಎಲ್ಲಾರ ಹಿಟ್ಟಿನಾಗೂ ಒಂದೀಟು ಹಿಂದಿನವರದು ಇದ್ದ ಇರತೈತಿ.”

“ಹಂಗಾರ ಹಿಡಿ ಯಾಕ್ ತಗೀತೀರಿ?” ಎಂದ ಗಂಗಪ್ಪ, ತನ್ನ ಚೀಲ ನೋಡಿಕೊಳ್ಳುತ್ತಾ.

“ತಗೀಲಿಲ್ಲಂದ್ರ ಇನ್ನೂ ಜಾಸ್ತಿ ಇರತೈತಿಲೇ, ಹುಚ್ಚಾ!”

ಗಿರಣಿ ಬಂದ್ ಮಾಡಿ ಅವರು ಹಿತ್ತಲಿಗೆ ಹೋದರು. ಫಾತಿಮಾಬಿ ತಮ್ಮ ಒಲೆಯಲ್ಲೇ ಎರಡು ತತ್ತಿ ಕುದಿಸಿ, ಸಿಪ್ಪೆ ಸುಲಿದು, ಗಿರಣಿಯ ತಗಡಿನ ಮೊರದಲ್ಲಿ ಇಟ್ಟುಕೊಟ್ಟರು. ಶಿದ್ಲಿಂಗಪ್ಪನವರು ಮೊರವನ್ನು ಎರಡೂ ಕೈಯಲ್ಲಿ, ಪ್ರಸಾದದಂತಲ್ಲ, ಹಾವು ಹಿಡಿದಂತೆ ಹಿಡಿದು ತಂದರು. ಹಿತ್ತಲು ಬಿಡುವ ಮೊದಲು ಚಾಂದನಿಯ ಕಡೆ ತಿರುಗಿ ಏನೋ ಗೊಣಗಿದ್ದರು. ಕ್ಷಮೆಯಿರಬೇಕು. ಆಮೇಲೆ ಬೆಳ್ಳಿಯ ಮುಂದೆ ಇಟ್ಟರು.

ಒಂದು ಫೋನು, ಮೂರು ಕರಾರು, ಒಂದು ಹುಂಜ, ಒಂದು ಪಾತ್ರೆ ಎಣ್ಣೆಗಾಯಿಯ ಮಾತು ಖರ್ಚಾಗಿದ್ದ ಆ ಎರಡು ತತ್ತಿಗಳನ್ನು ಬೆಳ್ಳಿ ನಾಲ್ಕು ಸೆಕೆಂಡಿನಲ್ಲಿ ಮುಗಿಸಿದಳು. ಆಮೇಲೆ ಮೊರವನ್ನೂ ನೆಕ್ಕಿ, ಇನ್ನೂ ಎಲ್ಲಿ ಎಂಬಂತೆ ಹುಂಜವನ್ನು ನೋಡಿದಳು. ತಹಸೀಲ್ದಾರ ಎರಡು ಹೆಜ್ಜೆ ಹಿಂದೆ ಸರಿದ. ಅವನು ಯಾರಿಗಾದರೂ ದಾರಿ ಬಿಟ್ಟದ್ದನ್ನು ಊರು ನೋಡಿದ್ದು ಅದೇ ಮೊದಲು.

ತತ್ತಿ ಶುರುವಾದ ಮೂರನೆಯ ದಿನ ಮಡಚಿದ ಕಿವಿಯ ಮರಿ ನಾನೂರ ಮೂವತ್ತು ತೂಗಿತು, ಹತ್ತನೆಯ ದಿನ ಎಂಟು ನೂರು. ಪ್ರತಿ ಸಲ ತೂಕದ ಸುದ್ದಿ ಹೊಸ್ತಿಲಾಚೆಗೆ ನಿಂತೇ ಹೇಳಬೇಕಿತ್ತು. ಮಹಾದೇವಕ್ಕ ಒಳಗಿಂದ, “ನಾ ಏನರ ಕೇಳೀನೇನು?” ಅನ್ನುತ್ತಿದ್ದರು. ಒಂದು ದಿನ ತೂಕ ಹೇಳುವುದು ತಡವಾದಾಗ ಅವರೇ ಗಿರಣಿಗೆ ಬಂದು, ಹುಂಜಕ್ಕೆ ನುಚ್ಚು ಹಾಕುವ ನೆಪದಲ್ಲಿ, ಯಂತ್ರದ ಅಂಕಿ ಓದಿ ಹೋದರು.

ಎರಡು ತಿಂಗಳಾದ ಮೇಲೆ ಮರಿಗಳನ್ನು ಕೊಡುವ ಸಮಯ ಬಂತು. ಒಯ್ಯಲು ಬಂದವರಿಗೆಲ್ಲ ಶಿದ್ಲಿಂಗಪ್ಪನವರು, ನಾಯಿಗೆ ಏನು ಹಾಕುತ್ತೀರಿ, ಅದು ಎಲ್ಲಿಂದ ಬರುತ್ತದೆ, ಅದರ ಹಿಂದಿಂದು ಏನು ಎಂದು ಕೇಳುತ್ತಿದ್ದರು. ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸಲಿಲ್ಲವೆಂದು ಅವರ ಅಳಿಯನೇ ಹೇಳಿದ. ಐದು ಮರಿಗಳು ಹೇಗೋ ಪರೀಕ್ಷೆ ದಾಟಿದವು. ಮಡಚಿದ ಕಿವಿಯದನ್ನು ಫಾತಿಮಾಬಿ ಕೇಳಿದರು. ಅವರಿಗೆ ಮಾತ್ರ ಪ್ರಶ್ನೆ ಇರಲಿಲ್ಲ.

ಮರಿಯನ್ನು ಹಿತ್ತಲಿನಲ್ಲಿ ಇಳಿಸಿದ ದಿನ ನಾನೂ ಇದ್ದೆ. ಚಾಂದನಿ ಕಲ್ಲು ಕೆದಕುವುದನ್ನು ನಿಲ್ಲಿಸಿ ನೇರವಾಗಿ ಬಂದು, ಮರಿಯ ಮೂಗಿಗೆ ಒಂದೇ ಒಂದು ಸಲ ಕುಕ್ಕಿತು. ಮರಿ ಕುಂಯ್ ಎಂದು ಫಾತಿಮಾಬಿಯ ಸೀರೆಯ ಹಿಂದೆ ಸೇರಿತು. ಅವರು ಕೋಳಿಯನ್ನು ಅಟ್ಟಲು ಕಸಬರಿಗೆ ಎತ್ತಿದರು.

“ಬ್ಯಾಡ ತಂಗಿ, ಬ್ಯಾಡ,” ಎಂದು ಶಿದ್ಲಿಂಗಪ್ಪನವರು ಕೈ ಅಡ್ಡ ಹಿಡಿದರು. “ಒಂದೇಟು ಹೊಡೀಲಿ. ಅಷ್ಟು ಹಕ್ಕ ಆಕಿಗೆ ಐತಿ.”