ಎರಡು ಸಲ ಲೈಟ್ ಹೊಡೆದದ್ದು

ಲೈಟ್ ಹೊಡೆದದ್ದು ನಾನೇ. ಒಂದಲ್ಲ, ಎರಡು ಸಲ. ಪೊಲೀಸಿನವನು ಕೇಳಿದಾಗ ಇಲ್ಲ ಎಂದೆ. ಆ ಒಂದು ಮಾತಿನಿಂದ ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಒಬ್ಬ ವೃದ್ಧೆ ತಮ್ಮ ಕಣ್ಣನ್ನೇ ನಂಬದಂತಾದರು. ಹತ್ತು ವರ್ಷ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಧೈರ್ಯ ಬಂತು, ಅದಕ್ಕೇ ಬರೆಯುತ್ತಿದ್ದಾನೆ ಎಂದು ದಯವಿಟ್ಟು ತಿಳಿಯಬೇಡಿ — ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಒಂದು ಸಣ್ಣ ಫೌಂಡ್ರಿಗೆ ಸೇರಿದ್ದೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಯಜಮಾನರು ಇಂಗ್ಲೆಂಡಿನಿಂದ ಒಂದು ಹಳೆಯ ಯಂತ್ರ ಕೊಂಡರು. ಅದನ್ನು ನಡೆಸುವುದನ್ನು ಕಲಿತು ಬಾ ಎಂದು ಆರು ವಾರಕ್ಕೆ ನನ್ನನ್ನು ಕಳಿಸಿದರು. ನನಗೆ ಆಗ ಇಪ್ಪತ್ತಮೂರು. ಹೊರಡುವ ದಿನ ಯಜಮಾನರು ಕರೆದು ಹೇಳಿದ್ದು ಇಷ್ಟೇ: "ನೋಡಪ್ಪಾ, ನಿನಗಿಂತ ಸೀನಿಯರ್ ನಾಲ್ಕು ಜನ ಬಾಯಿ ಬಿಟ್ಕೊಂಡು ಕಾಯ್ತಾ ಇದಾರೆ. ಅಲ್ಲಿಂದ ನಿನ್ನ ಮೇಲೆ ಒಂದು ಕಂಪ್ಲೇಂಟ್ ಬಂದ್ರೆ, ಮಾರನೇ ದಿನಾನೇ ವಾಪಸ್ ಕರೆಸ್ತೀನಿ."

ಕಾರು ಓಡಿಸುವುದನ್ನು ನನಗೆ ಕಲಿಸಿದ್ದು ಸೋದರಮಾವ, ಲಾರಿ ಓಡಿಸುತ್ತಿದ್ದ ಬಸವರಾಜ ಮಾವ. ಗೆಳೆಯನ ಹಳೇ ಟ್ಯಾಕ್ಸಿ ತಂದು ಪಕ್ಕದಲ್ಲಿ ಕೂತು, ತಲೆಗೆ ಮೊಟಕುತ್ತ ಕಲಿಸಿದರು. ಒಂದು ಪಾಠವನ್ನಂತೂ ದಿನಾ ಹೇಳುತ್ತಿದ್ದರು. "ಸೇತುವೆ ಹತ್ರ ಎದುರಿಂದ ಗಾಡಿ ಬಂತಾ, ಲೈಟ್ ಹೊಡಿ. ಮೊದಲು ಹೊಡೆದೋನು ಮೊದಲು ಹೋಗ್ತಾನೆ, ಇನ್ನೊಬ್ಬ ನಿಲ್ತಾನೆ. ಅಷ್ಟೇ ಮಾರಾಯ, ಬೇರೆ ರೂಲ್ಸೇ ಇಲ್ಲ." ನಮ್ಮ ಕಡೆ ರಸ್ತೆಯಲ್ಲಿ ಲೈಟ್ ಹೊಡೆದರೆ ಅರ್ಥ ಒಂದೇ — ನಾನು ಬರುತ್ತಿದ್ದೇನೆ, ನೀನು ಅಲ್ಲೇ ಇರು. ಇದಕ್ಕೆ ಬೇರೆ ಅರ್ಥ ಇರಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಇಂಗ್ಲೆಂಡಿನಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವ ಅಗತ್ಯ ನನಗೆ ಸುತರಾಂ ಇರಲಿಲ್ಲ. ಒಂದು ಭಾನುವಾರ ಸಮುದ್ರ ನೋಡಿ ಬರಬೇಕು ಎಂದುಕೊಂಡೆ. ಸಮುದ್ರ ನೆಪ. ಫಾರಿನ್ನಿನಲ್ಲಿ ಸ್ಟೇರಿಂಗ್ ಹಿಡಿದು ಕೂತ ಒಂದು ಫೋಟೋ ಊರಿಗೆ ಕಳಿಸಬೇಕಾಗಿತ್ತು, ಅಷ್ಟೇ. ಅಲ್ಲೂ ನಮ್ಮಂತೆ ರಸ್ತೆಯ ಎಡಗಡೆಯೇ ಓಡಿಸುವುದು, ಸ್ಟೇರಿಂಗ್ ಬಲಗಡೆಯೇ ಇರುವುದು. ಇನ್ನೇನು ಕಷ್ಟ! ಕೌಂಟರಿನ ಹೆಂಗಸು ನನ್ನ ಲೈಸೆನ್ಸನ್ನು ತಿರುವಿ ಮುರುವಿ ನೋಡಿದಳು. ಇಪ್ಪತ್ತೈದು ತುಂಬದವರಿಗೆ ಸುಲಭವಾಗಿ ಕೊಡುವುದಿಲ್ಲ ಎಂದಳು. ನಾನು ಸೋಲಲಿಲ್ಲ, ಫೌಂಡ್ರಿಯ ಲೆಟರ್‌ಹೆಡ್ಡಿನ ಪತ್ರ ತೆಗೆದು ತೋರಿಸಿದೆ. ಹಾಗಿದ್ದರೆ ಸರಿ, ಆದರೆ ನಿಮ್ಮ ತಪ್ಪಿನಿಂದ ಅಪಘಾತವಾದರೆ ಈ ಕಂಪನಿಗೆ ಬರೆಯುತ್ತೇವೆ ಎಂದು ಹೇಳಿ ನಾಲ್ಕು ಕಡೆ ಸಹಿ ಹಾಕಿಸಿಕೊಂಡಳು. ಯಜಮಾನರಿಗೆ ನಾನು ಕಾರಿನ ಸುದ್ದಿಯನ್ನೇ ಎತ್ತಿರಲಿಲ್ಲ. ನನ್ನ ಕುತ್ತಿಗೆಗೆ ಹಗ್ಗ ನಾನೇ ಹಾಕಿಕೊಂಡು, ತುದಿಯನ್ನು ಅವಳ ಕೈಗೆ ಕೊಟ್ಟು ಬಂದೆ.

ಅರ್ಧ ಗಂಟೆ ಚೆನ್ನಾಗಿಯೇ ಓಡಿಸಿದೆ. ಹಳ್ಳಿಗಾಡಿನ ರಸ್ತೆ, ಎರಡೂ ಕಡೆ ಬೇಲಿ. ಎದುರಿನಿಂದ ಒಂದು ಸಣ್ಣ ಹಸಿರು ಕಾರು ಬಂದು ರಸ್ತೆಯ ನಡುವೆ ನಿಧಾನಿಸಿತು. ನನ್ನ ದಾರಿಯನ್ನು ಅಡ್ಡ ದಾಟಿ, ತನ್ನ ಬಲಕ್ಕಿದ್ದ ಓಣಿಯೊಳಗೆ ಹೋಗಬೇಕಾಗಿತ್ತು ಅದಕ್ಕೆ. ನಾನು ವೇಗ ಕಡಿಮೆ ಮಾಡಲಿಲ್ಲ. ಮಾವನ ಪಾಠದ ಪ್ರಕಾರ ಎರಡು ಸಲ ಲೈಟ್ ಹೊಡೆದೆ — ಬರ್ತಾ ಇದೀನಿ, ನಿಲ್ಲು. ಒಳಗಿದ್ದವರು ಕೈ ಎತ್ತಿದರು. ಸರಿ, ನಿಲ್ಲುತ್ತೇನೆ ಎನ್ನುತ್ತಿದ್ದಾರೆ ಎಂದುಕೊಂಡೆ. ಅವರು ಕೈ ಎತ್ತಿದ್ದು ಥ್ಯಾಂಕ್ಸ್ ಹೇಳಲು. ಕಾರು ನೇರ ನನ್ನ ಮುಂದಕ್ಕೇ ತಿರುಗಿತು. ಬ್ರೇಕ್ ಒತ್ತುವಷ್ಟರಲ್ಲಿ ಗುದ್ದಿದ್ದೆ.

ಆ ಕಾರು ಓಡಿಸುತ್ತಿದ್ದ ಅಜ್ಜಿಯ ಹೆಸರು ಎಡ್ನಾ. ಎಪ್ಪತ್ತು ದಾಟಿತ್ತು. ಮಣಿಕಟ್ಟು ಮುರಿದಿತ್ತು. ಬೇಲಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ನನಗೆ ಒಂದು ಗಾಯವೂ ಇಲ್ಲ. ಅವರೇ ನನ್ನನ್ನು, ನಿನಗೇನೂ ಆಗಲಿಲ್ಲವಷ್ಟೆ ಎಂದು ಕೇಳಿದರು. ಆಮೇಲೆ, ಪೊಲೀಸಿನವನು ಪಕ್ಕದಲ್ಲೇ ಇದ್ದಾಗ, ಬಯ್ಯುವ ದನಿಯಲ್ಲಲ್ಲ, ಸುಮ್ಮನೆ ಹೇಳಿದರು: "ನೀನು ಲೈಟ್ ಹಾಕಿ ಬಾ ಅಂದೆಯಲ್ಲ ಮಗು, ಅದಕ್ಕೇ ತಿರುಗಿದೆ."

ಎಲ್ಲ ಅರ್ಥವಾದದ್ದು ಆಗ. ನಾನು ನಿಲ್ಲು ಎಂದದ್ದು ಅಲ್ಲಿಯವರಿಗೆ ಬಾ ಎಂದಾಗಿತ್ತು. ಅರ್ಥವಾಗದೆ ಸುಳ್ಳು ಹೇಳಿದ್ದರೆ ಅದೊಂದು ಮಾತು. ನಾನು ಪೂರ್ತಿ ಅರ್ಥ ಮಾಡಿಕೊಂಡ ಮೇಲೆ ಹೇಳಿದೆ. ಪೊಲೀಸಿನವನು ನನ್ನ ಕಡೆ ತಿರುಗಿ ಕೇಳಿದ — ಲೈಟ್ ಹಾಕಿದಿರಾ? ನಾಲ್ಕು ಸಹಿ, ಲೆಟರ್‌ಹೆಡ್, ಯಜಮಾನರ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. "ಇಲ್ಲ," ಎಂದೆ. ಅವನು ಬರೆದುಕೊಂಡ. ಎಡ್ನಾ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಗೊಂದಲವಿತ್ತು. ಸಿಟ್ಟು ಮಾಡಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ —

ತಪ್ಪು ಅವರದ್ದೆಂದೇ ತೀರ್ಮಾನವಾಯಿತು. ನಾನು ಇಳಿದುಕೊಂಡಿದ್ದ ಮನೆಯ ಒಡತಿಗೆ ಊರಿನ ಸುದ್ದಿಯೆಲ್ಲ ಗೊತ್ತಿರುತ್ತಿತ್ತು. ಮಗ ಬಂದು ಕಾರಿನ ಕೀ ಕಿತ್ತುಕೊಂಡನಂತೆ, ಆ ಓಣಿಯ ಕಡೆ ಬಸ್ಸಿಲ್ಲವಂತೆ, ಅಜ್ಜಿಗೆ ಇನ್ನು ಮನೆಯೇ ಗತಿಯಂತೆ. ಆಕೆಯೇ ಇನ್ನೊಂದು ಮಾತನ್ನೂ ಹೇಳಿದಳು. ಅಲ್ಲಿನ ಕಾನೂನಿನ ಪ್ರಕಾರ, ಲೈಟ್ ಹಾಕಿದವನದ್ದೇ ತಪ್ಪು ಎಂದೇನೂ ಆಗುವುದಿಲ್ಲವಂತೆ. ರಸ್ತೆ ದಾಟುವವರೇ ನೋಡಿಕೊಂಡು ದಾಟಬೇಕಂತೆ. ನಿಜ ಹೇಳಿದ್ದರೂ ನನ್ನ ಕೂದಲೂ ಕೊಂಕುತ್ತಿರಲಿಲ್ಲ. ಅದು ತಿಳಿದ ಮೇಲಾದರೂ ಬಾಯಿ ಬಿಡಬಹುದಿತ್ತು. ಒಂದು ಸಲ ಇಲ್ಲ ಎಂದವನು ಈಗ ಹೌದು ಎಂದರೆ ಏನಾಗುತ್ತದೋ ಎಂದು ಸುಮ್ಮನಾದೆ.

ಹೊರಡುವ ಹಿಂದಿನ ದಿನ ಒಂದು ಕಾರ್ಡು ಬಂತು. ಮೇಲೆ ಒಂದು ಹಕ್ಕಿಯ ಚಿತ್ರ. ಒಳಗೆ ಎಡ್ನಾ ಅವರ ಕೈಬರಹ. ಮುರಿದದ್ದು ಬಲಗೈ, ಎಡಗೈಯಲ್ಲಿ ಬರೆದಿರಬೇಕು, ಅಕ್ಷರ ಸೊಟ್ಟ ಸೊಟ್ಟ. 'ನೀನು ಲೈಟ್ ಹಾಕಿದೆ ಎಂದು ನನಗೆ ಖಂಡಿತವಾಗಿ ಅನ್ನಿಸಿತ್ತು. ಅದು ನನ್ನ ಭ್ರಮೆ ಎಂದು ಮಗ ಹೇಳುತ್ತಾನೆ. ಹಾಗೇ ಇರಬೇಕು. ಪರದೇಶದಿಂದ ಬಂದ ಹುಡುಗನ ಮೇಲೆ ಸುಳ್ಳು ಹೊರಿಸಿದೆನಲ್ಲ, ಕ್ಷಮಿಸು.' ಕೆಳಗೆ ವಿಳಾಸವಿತ್ತು.

ಹರಿದು ಹಾಕಲು ಕೈ ಬರಲಿಲ್ಲ. ಸೂಟ್‌ಕೇಸಿನ ತಳಕ್ಕೆ ತುರುಕಿದೆ. ಭದ್ರಾವತಿಯಲ್ಲಿ ಸೂಟ್‌ಕೇಸ್ ಬಿಚ್ಚಿದ್ದು ಅಮ್ಮ! "ಎಷ್ಟು ಚೆನ್ನಾಗಿದ್ಯೋ ಹಕ್ಕಿ" ಎಂದು ಅದನ್ನು ಹಾಲ್‌ನ ಶೋಕೇಸಿನಲ್ಲಿ, ಗೊಂಬೆಗಳ ನಡುವೆ ನಿಲ್ಲಿಸಿದರು. ಬಂದವರಿಗೆಲ್ಲ ಅದನ್ನು ತೋರಿಸುವುದು, ಫಾರಿನ್ನಿನವರು ನಮ್ಮ ಹುಡುಗನಿಗೆ ಕೊಟ್ಟದ್ದು ಎನ್ನುವುದು. ಆ ಕೂಡುಬರಹದ ಇಂಗ್ಲಿಷನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ. ತೆಗೆಯೋಣವೆಂದರೆ ಯಾಕೆ ಎಂದು ಕೇಳುತ್ತಾರೆ. ಹೀಗೆ ಅವರ ಕ್ಷಮಾಪಣೆಯ ಮುಂದೆ ದಿನಾ ಕೂತು ನಾನು ತಿಂಡಿ ತಿನ್ನಬೇಕಾಯಿತು.

ಅಪಘಾತದ ಕಥೆ ಕೇಳಿ ಮಾವ ಮೊದಲು ಕೇಳಿದ್ದೇ, "ಲೈಟ್ ಹೊಡೆದ್ಯೇನೋ?"

"ಇಲ್ಲ ಮಾವ."

"ಥೂ ನಿನ್ನ! ಅಷ್ಟು ಬಡ್ಕೊಂಡಿದ್ನಲ್ಲೋ! ಒಂದ್ಸಲ ಲೈಟ್ ಹೊಡೆದಿದ್ರೆ ಆ ಅಜ್ಜಿ ನಿಲ್ತಿರ್ಲಿಲ್ವಾ? ಪಾಪ, ಕೈ ಮುರ್ಕೊಳ್ತಿರ್ಲಿಲ್ಲ."

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಶಿವಮೊಗ್ಗದ ಗಾಂಧಿ ಬಜಾರಿನ ಹೋಟೆಲಿನಲ್ಲಿ ಗೆಳೆಯರ ಮುಂದೆ ಮಾತ್ರ ಇದೇ ಕಥೆ ತಮಾಷೆಯಾಯಿತು. "ನಮ್ ಹುಡ್ಗನ್ನ ಹುಡುಕ್ಕೊಂಡು ಬಂದು ಗುದ್ದಿದಾಳಲ್ಲೋ ಬಿಳೀ ಅಜ್ಜಿ!" ಎಂದು ಅವರು ನಕ್ಕರೆ, ನಾನು ಕಣ್ಣು ಕಿರಿದು ಮಾಡಿ ಆಕೆಯ ಡ್ರೈವಿಂಗ್ ಅಣಕಿಸಿ ತೋರಿಸುತ್ತಿದ್ದೆ. ಸುಳ್ಳು ಹೇಳಿದ್ದಕ್ಕಿಂತ ಇದು ನನಗೆ ಹೆಚ್ಚು ಅಸಹ್ಯವಾಗಿ ಕಾಣುತ್ತದೆ. ಸುಳ್ಳನ್ನು ಭಯದಲ್ಲಿ ಹೇಳಿದ್ದೆ. ಅಣಕಿಸಿದ್ದು ಒಂದು ಕಾಫಿಯ ಖುಷಿಗೆ.

ಮದುವೆಯಾಗಿ ಗಿರಿಜಾ ಮನೆಗೆ ಬಂದಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಮೊದಲ ವಾರವೇ ಆ ಕಾರ್ಡು ತೆಗೆದು ಓದಿದಳು. "ರೀ, ಎಷ್ಟು ಒಳ್ಳೆಯವರು ಪಾಪ. ಪರವಾಗಿಲ್ಲ ಅಜ್ಜಿ ಅಂತ ನೀವು ಉತ್ತರ ಬರೆದ್ರಿ ತಾನೆ?"

"ಬರೆದೆ," ಎಂದೆ. ಒಂದು ಸುಳ್ಳು ಕಾಯಲು ಇನ್ನೊಂದು.

ಆಮೇಲೆ ನಾವು ಶಿವಮೊಗ್ಗದ ಆಲ್ಕೊಳದಲ್ಲಿ ಮನೆ ಮಾಡಿದೆವು. ವರ್ಷಗಳು ಹೋದವು, ಕಾರ್ಡು ಭದ್ರಾವತಿಯಲ್ಲೇ ಉಳಿಯಿತು, ನಾನು ಮರೆತೂ ಬಿಟ್ಟಿದ್ದೆ ಎನ್ನಬೇಕು. ಹೋದ ವರ್ಷ ಒಂದು ದಿನ ಗಿರಿಜಾಳ ತಾಯಿ ಊರಿನಿಂದ ಬರುವವರಿದ್ದರು. ಬಸ್ ಸ್ಟ್ಯಾಂಡಿನಿಂದ ಕರೆತನ್ನಿ ಎಂದು ಅವಳು ಬೆಳಿಗ್ಗೆ ಹೇಳಿದ್ದಳು. ನನಗೆ ಮರೆತುಹೋಯಿತು. ಮೊಣಕಾಲು ನೋವಿನ ಆ ಹೆಂಗಸು ಬಿಸಿಲಿನಲ್ಲಿ ಎರಡು ಗಂಟೆ ಕೂತಿದ್ದರು. ಗಿರಿಜಾ ಕೇಳಿದಾಗ ನನ್ನ ಬಾಯಿಗೆ ತಾನಾಗಿ ಬಂತು — "ನೀನು ಹೇಳಲೇ ಇಲ್ಲ."

ಅವಳು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಹೇಳಿದೆ ಅಂತಾನೇ ಅನ್ಕೊಂಡಿದ್ದೆ... ಇರ್ಬೋದು. ಇತ್ತೀಚೆಗೆ ನನ್ ತಲೆನೇ ಸರಿಯಿಲ್ಲ," ಎಂದಳು.

ಹಾಗೇ ಇರಬೇಕು ಎಂದು ಎಡ್ನಾ ಬರೆದಿದ್ದರಲ್ಲ! ಆ ವಾರವೇ ಭದ್ರಾವತಿಗೆ ಹೋಗಿ ವಿಳಾಸ ತಂದೆ. ಲೈಟ್ ಹಾಕಿದ್ದು ನಾನು, ನೀವು ಕಂಡದ್ದು ನಿಜ, ನಿಮ್ಮ ಬುದ್ಧಿಗೆ ಏನೂ ಆಗಿರಲಿಲ್ಲ ಎಂದು ಬರೆದು ಅಂಚೆಗೆ ಹಾಕಿದೆ. ಕ್ಷಮೆ ಕೇಳಲಿಲ್ಲ. ಅವರು ಆಗಲೇ ನನ್ನಲ್ಲಿ ಕೇಳಿಬಿಟ್ಟಿದ್ದರು.

ಎರಡು ತಿಂಗಳ ಮೇಲೆ ಮಗನ ಉತ್ತರ ಬಂತು. 'ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ಆ ಅಪಘಾತದ ನಂತರ ಏನು ಕಂಡರೂ ನಮ್ಮನ್ನು ಕೇಳುತ್ತಿದ್ದರು. ಬೇಲಿಯ ಮೇಲೆ ಹಕ್ಕಿ ಕೂತಿದೆಯಾ, ನಿನಗೂ ಕಾಣುತ್ತಿದೆಯಾ ಎಂದು. ಲೈಟ್ ಕಂಡದ್ದು ನಿನ್ನ ಭ್ರಮೆ ಎಂದು ಅವರನ್ನು ಒಪ್ಪಿಸಿದವನು ನಾನು. ನೀವು ಇದನ್ನು ನನಗೆ ಹೇಳಿ ಹಗುರಾದಿರಿ. ನಾನು ಯಾರಿಗೆ ಹೇಳಲಿ?'

ನಾನು ಹಗುರಾಗಿರಲಿಲ್ಲ. ಆದರೆ ಅದನ್ನು ಅವನಿಗೆ ಬರೆಯುವ ಮುಖ ನನಗಿಲ್ಲ. ನನ್ನ ಪಾಲಿನದ್ದನ್ನು ಅವನ ಹೆಗಲಿಗೂ ಏರಿಸಿದ್ದೆ.

ಪತ್ರವನ್ನು ಗಿರಿಜಾಳ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ, ಉತ್ತರ ಬರೆದೆ ಎಂದ ಸುಳ್ಳನ್ನೂ. ಅವಳು ಪತ್ರವನ್ನು ಎರಡು ಸಲ ಓದಿ ಮಡಿಸಿಟ್ಟಳು. ಅವಳು ಕೇಳಿದ್ದು ಬೇರೆಯದನ್ನೇ.

"ಅಮ್ಮ ಬಸ್ ಸ್ಟ್ಯಾಂಡಲ್ಲಿ ಕೂತಿದ್ದ ದಿನ... ನಾನು ಹೇಳಿದ್ದೆ ಅಲ್ವಾ ನಿಮಗೆ?"

"ಹೇಳಿದ್ದೆ. ನಾನೇ ಮರೆತಿದ್ದೆ."

ಅವಳು ನನ್ನನ್ನೇ ನೋಡಿದಳು. "ಇನ್ನೂ ಇದಾವಾ, ಅಂಥವು?"

ಇದ್ದವು. ಅವಳ ಎದುರು ಕುರ್ಚಿ ಎಳೆದುಕೊಂಡು ಕೂತು, ಹಳೆಯದರಿಂದ ಹೇಳಲು ಶುರು ಮಾಡಿದೆ.