ವಿ ಅಂದರೆ ವಿ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕಾರ್ವೆಲ್ ಪೇಟೆಯಲ್ಲಿ ರೈಲುಹಳಿಯಿಂದ ಈಚೆ, ನಮ್ಮ ಕಪ್ಪು ಜನರ ಕೇರಿಯಲ್ಲಿ, ಒಂದು ಅಂಗಡಿಯ ಮುಂದೆ ಹಲಗೆ ನೇತಾಡುತ್ತಿತ್ತು: ‘ಮಿಸೆಸ್ ವಿ. ಆರ್. ಲಕೆಟ್, ಹೆಂಗಸರ ಕೇಶಾಲಂಕಾರ’. ಆ ‘ವಿ’ ಎಂದರೇನು ಎಂದು ಕೇಳಿ ಕೇಳಿ ಊರಿಗೆ ಊರೇ ಸೋತಿತ್ತು. ವಿಮೆಯ ಕಂತಿಗೆ ಬರುವ ಬಿಳಿಯನಂತೂ ಪ್ರತಿ ಶುಕ್ರವಾರ ಬಾಗಿಲಿಗೆ ಒರಗಿ ನಿಂತು ಕೆಣಕುತ್ತಿದ್ದ.

“ವಿ ಅಂದ್ರೆ ಏನೇ? ವಯೊಲಾನಾ, ವರ್ಜೀನಿಯಾನಾ?”

“ವಿ ಅಂದ್ರೆ ವಿ, ಸ್ವಾಮಿ.”

“ನಿಮ್ಮಪ್ಪ ನಿಂಗೆ ಬರೀ ಒಂದಕ್ಷರ ಇಟ್ನೇನೇ?”

“ಬಡವ ಸ್ವಾಮಿ. ಅಷ್ಟೇ ಅವನ ಕೈಲಾಗಿದ್ದು.”

ಒಳಗೆ ಕೂತಿದ್ದ ಹೆಂಗಸರು ನಗು ತಡೆಯಲಾರದೆ ಟವೆಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಮಿಸೆಸ್ ಲಕೆಟ್ ಮಾತ್ರ ನಗದೆ, ಗುಂಗುರು ಕೂದಲು ನೇರ ಮಾಡಲು ಒಲೆಯ ಮೇಲೆ ಕಾಯಲಿಟ್ಟಿದ್ದ ಕಬ್ಬಿಣದ ಬಾಚಣಿಗೆ ತೆಗೆದು ಮುಂದಿನ ತಲೆಗೆ ಕೈ ಹಾಕುತ್ತಿದ್ದರು.

ಮಿಸಿಸಿಪ್ಪಿಯಲ್ಲಿ ಬಿಳಿಯರ ಬಾಯಿಂದ ನಮ್ಮ ಹೆಂಗಸರಿಗೆ ‘ಮಿಸೆಸ್’ ಎಂಬ ಮಾತು ಬರುತ್ತಿರಲಿಲ್ಲ. ಎಪ್ಪತ್ತು ದಾಟಿದ ಅಜ್ಜಿಗೂ ಏಕವಚನವೇ, ಬರಿಯ ಹೆಸರೇ. ಇದೇನು ಮಹಾ ಎನ್ನುವವರು ಒಂದು ದಿನ ಹಾಗೆ ಕರೆಸಿಕೊಂಡು ನೋಡಬೇಕು. ಮಿಸೆಸ್ ಲಕೆಟ್ ಎಂಟು ವರ್ಷದವರಿದ್ದಾಗ ತಾಯಿಯ ಜೊತೆ ಒಂದು ಬಿಳಿಯರ ಮನೆಗೆ ಬಟ್ಟೆ ಒಗೆಯಲು ಹೋಗಿದ್ದರು. ಆ ಮನೆಯ ಐದು ವರ್ಷದ ಮಗು ಕಾಲು ಚಾಚಿ, “ಮಿಂಟಿ, ಬೂಟು ಹಾಕೇ” ಎಂದಿತು. “ಬಂದೆ ಚಿಕ್ಕಮ್ಮಾವ್ರೇ” ಎಂದು ತಾಯಿ ಒದ್ದೆ ಕೈ ಒರೆಸಿಕೊಂಡು ಓಡಿದಳು. ಆಕೆಯ ಮುಖ ನೋಡಲಾಗದೆ ಮಗಳು ಸಾಬೂನಿನ ನೊರೆ ನೋಡುತ್ತ ನಿಂತಿದ್ದಳು. ಹದಿನೆಂಟು ತುಂಬಿ ಹುಟ್ಟೂರು ಬಿಟ್ಟು ಈ ಪೇಟೆಗೆ ಬಂದ ಮೇಲೆ ತನ್ನ ಹೆಸರನ್ನು ಯಾರಿಗೂ ಸಿಗದ ಹಾಗೆ ಎತ್ತಿಟ್ಟಳು. ಹೆಸರೇ ತಿಳಿಯದಿದ್ದರೆ ಅದನ್ನು ಹಿಡಿದು ಕರೆಯುವುದಾದರೂ ಹೇಗೆ? ಗಂಡನಿಗೊಬ್ಬನಿಗೆ ಗೊತ್ತಿತ್ತು. ಅವನು ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಅವರ ಅಂಗಡಿಯೊಳಗೆ ಕಾಲಿಟ್ಟ ಪ್ರತಿ ಹೆಂಗಸೂ ಮಿಸೆಸ್. ಹತ್ತಿ ಬಿಡಿಸುವವಳೂ ಮಿಸೆಸ್, ಮುಸುರೆ ತಿಕ್ಕುವವಳೂ ಮಿಸೆಸ್. ಎಲ್ಲರಿಗೂ ಬಹುವಚನ.

ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ರಾಜಧಾನಿ ಜ್ಯಾಕ್ಸನ್ನಿನಿಂದ, ನಮ್ಮ ಓಟಿನ ಹಕ್ಕಿಗಾಗಿ ಹೋರಾಡುತ್ತಿದ್ದ ಚಳವಳಿಯವರು ಬಂದು, ಮತದಾರರ ಪಟ್ಟಿಗೆ ಸೇರಲು ತುಂಬಬೇಕಾದ ಅರ್ಜಿಯ ನಕಲು ಕೊಟ್ಟು ಹೋದರು. ಇಪ್ಪತ್ತೊಂದು ಪ್ರಶ್ನೆ; ಉತ್ತರ ಸರಿಯೋ ತಪ್ಪೋ ಎಂದು ಹೇಳುವವನು ಕೋರ್ಟಿನ ಬಿಳಿಯ ಗುಮಾಸ್ತ. ಅಂಗಡಿಗೆ ರಜೆಯಿರುವ ಸೋಮವಾರಗಳಂದು ಮಿಸೆಸ್ ಲಕೆಟ್ ಅಲ್ಲೇ ಪಾಠ ಶುರು ಮಾಡಿದರು. ಒಂದು ಕಾಗುಣಿತ ತಪ್ಪಿದರೂ ಬಿಡುತ್ತಿರಲಿಲ್ಲ. ಮೂವತ್ತು ಜನರನ್ನು ತಿದ್ದಿ ತೀಡಿ ಕೋರ್ಟು ಕಚೇರಿಗೆ ಕಳಿಸಿದರು. ಒಬ್ಬರೂ ಪಾಸಾಗಲಿಲ್ಲ. ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಪತ್ರಿಕೆಯಲ್ಲಿ ಹಾಕುತ್ತಿದ್ದರು, ಯಾರ ಕೆಲಸ ಕಿತ್ತುಕೊಳ್ಳಬೇಕು, ಯಾರ ಮನೆ ಖಾಲಿ ಮಾಡಿಸಬೇಕು ಎಂದು ಧಣಿಗಳಿಗೆ ತಿಳಿಯಲಿ ಎಂದು.

ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದ ಅರ್ಜೂಲಾ ಗೇಡನ್ನಳ ಹೆಸರು ಪತ್ರಿಕೆಯಲ್ಲಿ ಬಂದ ಮೂರನೆಯ ದಿನವೇ ಅವಳ ಕೆಲಸ ಹೋಯಿತು. ಮುಂದಿನ ಸೋಮವಾರ ಅವಳು ಪಾಠದ ನಡುವೆ ಪೆನ್ಸಿಲ್ ಕೆಳಗಿಟ್ಟಳು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಮಿಸೆಸ್ ಲಕೆಟ್. ನಮ್ಮನ್ನೆಲ್ಲ ಕಳಿಸ್ತೀರಿ. ನೀವ್ಯಾಕೆ ಹೋಗಲ್ಲ?”

ಅರ್ಜೂಲಾ ಬಿಡಲಿಲ್ಲ.

“ನಿಮ್ಮ ಅಂಗಡಿಗೆ ಬರೋರು ನಾವೇ. ನಿಮ್ಮನ್ನ ಕೆಲಸದಿಂದ ತೆಗೆಯೋ ಗಂಡಸು ಈ ಊರಲ್ಲಿಲ್ಲ. ನಿಮ್ಮದು ಹೋಗೋದೇನಿದೆ? ಒಂದು ಹೆಸರು.”

“ಇರೋದೂ ಅದೊಂದೇ, ಮಿಸೆಸ್ ಗೇಡನ್,” ಎಂದರು ಮಿಸೆಸ್ ಲಕೆಟ್. ಆದರೆ ಮಾತು ಸರಿಯಾಗಿ ನಾಟಿತ್ತು. ಅವರಿಗೆ ನಾಚಿಕೆಯಾಯಿತು. “ನಾಳೆ ಯಾರ್ಯಾರು ಹೋಗ್ತಿದೀರಿ? ನಾನೇ ಮುಂದಿರ್ತೀನಿ.”

ಮರುದಿನ ಎಂಟು ಜನ ಅವರ ಹಿಂದೆ ಕೋರ್ಟಿನ ಮೆಟ್ಟಿಲು ಹತ್ತಿದರು. ಒಮ್ಮೆ ಸೋತಿದ್ದ ಅರ್ಜೂಲಾ ಮತ್ತೆ ಅರ್ಜಿ ಹಾಕಲೆಂದು ಬಂದಿದ್ದಳು. ಏಳು ಮೈಲಿ ನಡೆದು ಬಂದಿದ್ದ ಮುದುಕ ಒಸೀ ಟ್ರಿಗ್ ಇದ್ದ. ಉಳಿದವರು ದಿನದ ಕೂಲಿ ಬಿಟ್ಟು ಬಂದವರು. ಮೆಟ್ಟಿಲ ಎರಡೂ ಪಕ್ಕ ನಿಂತಿದ್ದ ಬಿಳಿಯರು ಒಂದು ಮಾತೂ ಆಡದೆ ಒಬ್ಬೊಬ್ಬರ ಮುಖವನ್ನೂ ಗುರುತು ಹಿಡಿಯುವ ಹಾಗೆ ನೋಡಿದರು. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಒಳಗೆ ಗುಮಾಸ್ತ ಪ್ರೂಯಿಟ್. ಬಾಗಿಲಲ್ಲಿ ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟ ಒಬ್ಬ ಪೊಲೀಸ್. ಒಬ್ಬೊಬ್ಬರೇ ಒಳಗೆ, ಉಳಿದವರು ಹೊರಗಿನ ಪಡಸಾಲೆಯಲ್ಲಿ ಗೋಡೆಗುಂಟ. ಮಿಸೆಸ್ ಲಕೆಟ್ ಅರ್ಜಿ ತುಂಬಿ ಕೊಟ್ಟರು. ಗುಮಾಸ್ತ ಮೊದಲ ಸಾಲಿಗೇ ಕೆಂಪು ಪೆನ್ಸಿಲ್ ಹಾಕಿ ಹಿಂದಕ್ಕೆ ತಳ್ಳಿದ.

“ಪೂರ್ತಿ ಹೆಸರು ಬರಿ. ಅಕ್ಷರಗಳಿಗೆಲ್ಲ ಓಟು ಕೊಡಲ್ಲ.”

ಮೂವತ್ತು ಜನರಿಗೆ ಅವರೇ ಹೇಳಿಕೊಟ್ಟಿದ್ದರು, ಒಂದು ಜಾಗ ಖಾಲಿ ಬಿಟ್ಟರೂ ಅರ್ಜಿ ಕಸದಬುಟ್ಟಿಗೆ ಎಂದು. ಅವರು ಬರೆದರು: ವೆಲ್ವೆಟ್ ರೂತ್ ಲಕೆಟ್.

ನಮ್ಮವರನ್ನು ಒಳಗೆ ಬಿಡದ ಒಂದು ಬಟ್ಟೆ ಅಂಗಡಿಯ ಗಾಜಿನಾಚೆ ಅವರಪ್ಪ ಒಮ್ಮೆ ವೆಲ್ವೆಟ್ಟಿನ ಥಾನು ನೋಡಿದ್ದ. ಅದರ ಮೇಲೆ ಕೈಯಾಡಿಸಬೇಕೆಂದು ಜೀವಮಾನವಿಡೀ ಆಸೆಪಟ್ಟು, ಅದು ಆಗದೆ, ಮಗಳಿಗೆ ಆ ಹೆಸರಿಟ್ಟಿದ್ದ.

ಪ್ರೂಯಿಟ್ ಓದಿ ಪೊಲೀಸನ ಕಡೆ ನೋಡಿ ನಕ್ಕ. “ಕೇಳ್ದೇನೋ? ವೆಲ್ವೆಟ್ಟಂತೆ. ನೋಡಿದ್ರೆ ಗೋಣಿಚೀಲ.” ಆಮೇಲೆ ಮೂಲೆಯ ಕುರ್ಚಿ ತೋರಿಸಿದ. “ಅಲ್ಲಿ ಕೂತ್ಕೋ. ಪ್ರಮಾಣಕ್ಕೆ ರುಜು ಹಾಕ್ಬೇಕು, ಕರೀತೀನಿ.”

ಅವರು ಕೂತರು. ಅವನು ಕಾಫಿ ಕುಡಿದ, ಉಗುರಿನ ಕೊಳೆ ತೆಗೆದುಕೊಂಡ. ಆಮೇಲೆ ಪಡಸಾಲೆಯವರೆಗೂ ಕೇಳುವ ಹಾಗೆ ಕೂಗಿದ.

“ವೆಲ್ವೆಟ್, ಬಾರೇ ಇಲ್ಲಿ.”

ಮಿಸೆಸ್ ಲಕೆಟ್ ಅವರ ಕಾಲು ತಾನಾಗಿಯೇ ಎದ್ದು ನಿಲ್ಲಲು ನೋಡಿತು. ಅದಕ್ಕೇ ಅವರಿಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿಯ ಅಂಚು ಬಿಗಿಹಿಡಿದು ಕೂತೇ ಇದ್ದರು.

“ವೆಲ್ವೆಟ್. ಕಿವಿ ಕೇಳಲ್ವೇನೇ?”

“ನನ್ನ ಹೆಸರು ಮಿಸೆಸ್ ಲಕೆಟ್.”

ಪೊಲೀಸ್ ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದ. ಪ್ರೂಯಿಟ್ ಅವನನ್ನು ಕೈಸನ್ನೆಯಲ್ಲಿ ತಡೆದು ಗೋಡೆ ಗಡಿಯಾರ ನೋಡಿದ. ಹನ್ನೊಂದೂಮುಕ್ಕಾಲು.

“ಬೇಡ ಬಿಡೋ, ಕೂತಿರ್ಲಿ. ವೆಲ್ವೆಟ್ ಎದ್ದು ಬಂದು ರುಜು ಹಾಕೋ ತನಕ ಇನ್ನೊಬ್ರಿಗೆ ಅರ್ಜಿ ಇಲ್ಲ. ಹನ್ನೆರಡಕ್ಕೆ ಬಾಗಿಲು ಹಾಕ್ತೀನಿ. ಹೊರಗೆ ನಿಂತಿರೋರಿಗೆ ಅವಳೇ ಹೇಳ್ಕೊಳ್ಲಿ.”

ಇಷ್ಟು ಹೊತ್ತು ಅದು ಅವರ ಹೆಸರಾಗಿತ್ತು, ಅವರ ಹಟವಾಗಿತ್ತು. ಈಗ ಎಂಟು ಜನರ ದಿನವಾಯಿತು. ತೆರೆದ ಬಾಗಿಲಲ್ಲಿ ಒಸೀ ಟ್ರಿಗ್ ಗೋಡೆಗೆ ಒರಗಿ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಭಾರ ಹಾಕುವುದು ಕಾಣುತ್ತಿತ್ತು. ನಾಲ್ಕು ಹೆಜ್ಜೆ ಅಷ್ಟೇ. ಅಮ್ಮ ಜೀವನವಿಡೀ ಓಡಿದಳು, ನನಗೆ ನಾಲ್ಕು ಹೆಜ್ಜೆ ಭಾರವೇ? ನನ್ನ ಜಂಬಕ್ಕೆ ಇವರ ಕೂಲಿ ಯಾಕೆ ಹಾಳಾಗಬೇಕು? ಗಡಿಯಾರದ ಮುಳ್ಳು ಹನ್ನೆರಡಕ್ಕೆ ಐದು ನಿಮಿಷ ತೋರಿಸಿದಾಗ ಅವರು ಮಂಡಿಯ ಮೇಲೆ ಕೈಯೂರಿ ಅರ್ಧ ಎದ್ದರು. ಪ್ರೂಯಿಟ್ ಪೆನ್ನು ಮುಂದಕ್ಕೆ ಸರಿಸಿದ.

“ಕೂತ್ಕೊಳ್ಳಿ, ಮಿಸೆಸ್ ಲಕೆಟ್.”

ಹೊರಗಿನಿಂದ ಬಂದ ದನಿ ಅರ್ಜೂಲಾಳದು. ಆ ಕಟ್ಟಡದಲ್ಲಿ ಬಿಳಿಯರೆದುರು ನಮ್ಮ ಹೆಂಗಸೊಬ್ಬಳಿಗೆ ಯಾರೂ ಆ ಮಾತು ಆಡಿರಲಿಲ್ಲ. ಪೊಲೀಸ್ ಬಾಗಿಲಿಗೆ ನುಗ್ಗಿದ.

“ಯಾವಳೇ ಅದು ಬಾಯಿ ಬಿಟ್ಟಿದ್ದು?”

“ನಾನೇ. ಅರ್ಜೂಲಾ ಗೇಡನ್. ಬರ್ಕೊಳ್ಳಿ.”

ಅವನು ಅವಳ ರಟ್ಟೆ ಹಿಡಿದ. ಅವಳು ಕೊಸರಲಿಲ್ಲ. ಆಗ ಒಸೀ ಟ್ರಿಗ್ ಟೋಪಿ ತೆಗೆದು, ಚರ್ಚಿನಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಹೇಳಿದ, “ಕೂತಿರಿ ಮಿಸೆಸ್ ಲಕೆಟ್. ನಾಳೆನೂ ಕಚೇರಿ ತೆಗೀತಾರೆ.” ಅವನ ಪಕ್ಕದವನೂ ಹೇಳಿದ, ಅದರಾಚೆಯವಳೂ ಹೇಳಿದಳು. ಪೊಲೀಸನಿಗೆ ಯಾರನ್ನು ಹಿಡಿಯಬೇಕು ಎಂಬುದೇ ತಿಳಿಯಲಿಲ್ಲ. ಅರ್ಜೂಲಾಳ ರಟ್ಟೆ ಬಿಟ್ಟ.

ಮಿಸೆಸ್ ಲಕೆಟ್ ಕೂತರು. ಹನ್ನೆರಡು ಹೊಡೆಯಿತು. ಪ್ರೂಯಿಟ್ ಅವರ ಅರ್ಜಿ ಹರಿದು ಬುಟ್ಟಿಗೆ ಹಾಕಿದ. ಆ ದಿನ ಒಬ್ಬರಿಗೂ ಅರ್ಜಿ ಸಿಗಲಿಲ್ಲ.

ಹೊರಗೆ ಬಿಸಿಲಿಗೆ ಬಂದರು. ಅರ್ಜೂಲಾ ಅವರ ಮೊಣಕೈ ಹಿಡಿದುಕೊಂಡಳು. ಕೊನೆಯ ಮೆಟ್ಟಿಲಿಳಿದ ಮೇಲೆ ಮಿಸೆಸ್ ಲಕೆಟ್ ಅವಳ ಮುಖ ನೋಡದೆ ಕೇಳಿದರು, “ಅವನು ಕೂಗಿದ ಹೆಸರು ಎಲ್ರಿಗೂ ಕೇಳಿಸಿರ್ಬೇಕು, ಅಲ್ವಾ?”

“ಯಾವ ಹೆಸರು?” ಎಂದಳು ಅರ್ಜೂಲಾ. “ನಾಳೆ ಎಂಟಕ್ಕೇ ಬಂದುಬಿಡೋಣ, ಮಿಸೆಸ್ ಲಕೆಟ್.”